ಲ್ಯಾಬ್ರಡಾರ್ ಬೇಕೋ, ಕಾರವಾನಿ ಬೇಕೋ

ನಾಯಿ ತರಬೇಕು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಾಯಿ ಬರುವ ಮೊದಲೇ ಮನೆಯಲ್ಲಿ ಬೊಗಳಾಟ ಶುರುವಾಗುತ್ತದೆ. ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ ಇದು. ನಮ್ಮಲ್ಲಿ ಸ್ವಲ್ಪ ಶಿಸ್ತಿನಿಂದ ನಡೆಯಿತು, ಅಷ್ಟೇ.

ಎಲುಬಿನ ಪ್ರಶ್ನೆ

ನಮ್ಮ ಮನೆ ಮುಚ್ಚಂಡಿ ಎಂಬ ಊರಿನ ಹತ್ತಿರ, ದಾಳಿಂಬೆ ತೋಟದೊಳಗೇ ಇದೆ. ಹಳೆಯ ನಾಯಿ ಸತ್ತ ಮೇಲೆ ಹಣ್ಣು ಕದಿಯುವವರು ತೋಟವನ್ನು ಸ್ವಂತದ್ದೆಂದೇ ತಿಳಿದಿದ್ದರು. ಬೆಳೆ ಉಳಿಯಬೇಕಾದರೆ ಕಾವಲು ಬೇಕೇ ಬೇಕು. ನಾನು ಕಾರವಾನಿ ತರೋಣ ಎಂದೆ. ಕುರಿಗಾರರು ಸಾಕುವ, ಉದ್ದ ಕಾಲಿನ, ಸಣ್ಣ ನಡುವಿನ, ಗಾಳಿಯಂತೆ ಓಡುವ ನಾಯಿ ಅದು. ಈ ನೆಲದ್ದು, ಈ ಬಿಸಿಲಿಗೇ ಹುಟ್ಟಿದ್ದು. ನನ್ನಾಕೆ ಲ್ಯಾಬ್ರಡಾರ್ ಎಂದಳು. ಸಾಂಗ್ಲಿಯಲ್ಲಿ ಅವಳ ತಂಗಿಯ ಮನೆಯಲ್ಲಿ ಒಂದು ಇದೆ.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನು. ವಾದವೆಂದರೆ ಅಂಶ ಅಂಶವಾಗಿ ಮಂಡಿಸಬೇಕು. ಹವಾಮಾನ, ಆಹಾರ, ಆರೋಗ್ಯ, ಸ್ವಭಾವ ಎಂದು ಒಂದೊಂದಾಗಿ ವಿವರಿಸಿದೆ. ಅವಳು ಶೇಂಗಾ ಸುಲಿಯುತ್ತ ಪೂರ್ತಿ ಕೇಳಿದಳು.

"ಎಲ್ಲಾ ಖರೇರಿ. ಆದ್ರ ಆ ನಾಯಿದು ಎಲಬ ಎಣಸಾಕ ಬರತಾವು. ಈ ಮನ್ಯಾಗ ನಾಯಿಗಿ ಇಷ್ಟ ಹಾಕತಾರ ಅಂದ್ರ ಹೆಂಡ್ತಿಗಿ ಎಷ್ಟ ಹಾಕತಿರಬೇಕು ಅಂತಾರ ಮಂದಿ."

ನನ್ನ ಪಟ್ಟಿಗೆ ‘ಮಂದಿ’ ಎಂಬ ಐದನೆಯ ಅಂಶ ಸೇರಿತು.

ಪರೀಕ್ಷೆ

ಅಷ್ಟರಲ್ಲಿ ನಾದಿನಿ ಯಾವುದೋ ಲಗ್ನಕ್ಕೆ ಹೊರಟಳು. ತನ್ನ ಲ್ಯಾಬ್ರಡಾರನ್ನು ನಮ್ಮಲ್ಲಿ ಬಿಟ್ಟಳು. ಬರೀ ಅಭಿಪ್ರಾಯದ ಮೇಲೆ ನಿರ್ಧಾರ ಮಾಡುವವನಲ್ಲ ನಾನು. ಪಕ್ಕದ ತೋಟದವನಿಗೆ ಹೇಳಿದೆ: "ಮಾರಿಗಿ ಅರಿವಿ ಕಟಗೊಂಡ, ಚೀಲ ತಗೊಂಡ ಕಳ್ಳನಂಗ ಬಾ. ನಾಯಿ ಏನ ಮಾಡತೈತಿ ನೋಡೂಣು."

ಅವನು ಮಟಮಟ ಮಧ್ಯಾಹ್ನ ಬೇಲಿ ದಾಟಿ ಬಂದ. ನಾವಿಬ್ಬರೂ ಕಿಟಕಿಯಲ್ಲಿ ನಿಂತಿದ್ದೆವು. ಲ್ಯಾಬ್ರಡಾರ್ ಎದ್ದಿತು, ಮೈಮುರಿಯಿತು, ಹೋಗಿ ಕಳ್ಳನ ಪಾದ ಮೂಸಿತು. ಅವನು ಕೀಳುವಾಗ ಅರೆಮಾಗಿದ ಒಂದು ಹಣ್ಣು ಕೈತಪ್ಪಿ ಬಿತ್ತು. ನಾಯಿ ಅದನ್ನು ಹಲ್ಲು ತಾಗದಂತೆ ಎತ್ತಿ, ತಂದು ಅವನ ಕೈಗೇ ಕೊಟ್ಟಿತು.

ಪಕ್ಕದವನು ಮುಖದ ಬಟ್ಟೆ ಬಿಚ್ಚಿದ. "ಸಾಹೇಬ್ರ, ಭಾಳ ಚಲೋ ನಾಯಿ ಐತ್ರಿ. ಹಣ್ಣ ಹರಿಯೂ ಮುಂದ ನನಗ ಕೊಡ್ರಿ. ಒಂದ ಆಳ ಉಳಿತೈತಿ."

"ನೋಡ್ರಿ," ಎಂದಳು ನನ್ನಾಕೆ, "ಬಿದ್ದದ್ದ ಎತ್ತಿ ಕೊಡೂದು ಈ ಮನ್ಯಾಗ ಇನ್ನ ಯಾರಿಗೂ ಬರಂಗಿಲ್ಲ."

ಕೊನೆಗೆ ಒಪ್ಪಂದವಾಯಿತು. ಹಣ್ಣು ಕೆಂಪಾಗುವುದರೊಳಗೆ ಕಾರವಾನಿ ಮನೆಗೆ ಬರಬೇಕು. ಬರದಿದ್ದರೆ ಲ್ಯಾಬ್ರಡಾರ್.

ಮನೆ ನೋಡುವ ಶಾಸ್ತ್ರ

ಕುಣಿಕೋಣೂರಿನ ಒಬ್ಬ ಕುರಿಗಾರನ ಹಟ್ಟಿಯಲ್ಲಿ ಒಳ್ಳೆಯ ಹೆಣ್ಣುಮರಿ ಇದೆಯೆಂದು ತಿಳಿದು ಹೋದೆ. ಮರಿಯ ಕಣ್ಣು, ಹಲ್ಲು, ಕಾಲು ಎಲ್ಲ ಪರೀಕ್ಷಿಸಿ, "ಇದು ನಡೀತೈತಿ" ಎಂದೆ.

"ನಿಮಗ ನಡೀತೈತ್ರಿ," ಎಂದ ಕುರಿಗಾರ. "ನಾವು ನಾಯಿ ಮಾರೂದಿಲ್ಲ, ಕೊಡತೀವಿ. ಇದು ಹೆಣ್ಣ. ಮನಿ ನೋಡಲಾರ್ದ ಹೆಂಗ ಕೊಡೂದ್ರಿ?"

ಆರಿಸಲು ಹೋದವನು ನಾನು. ಈಗ ನನ್ನನ್ನೇ ಆರಿಸಬೇಕಾಗಿತ್ತು.

ಸೋಮವಾರ ಕುರಿಗಾರ ಮತ್ತು ಅವನ ಹೆಂಡತಿ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದೆ. ಅವರು ಚಹಾ ಕುಡಿದು, ನೀರಿನ ತೊಟ್ಟಿ ನೋಡಿ, ಗಿಡದ ನೆರಳು ನೋಡಿ, ಓಡಲು ಜಾಗ ಎಷ್ಟಿದೆ ನೋಡಿ ಬಂದರು.

"ಕಟ್ಟಿ ಹಾಕತೀರೇನ್ರಿ?" ಕುರಿಗಾರ ಕೇಳಿದ.

ನಾನು ಸುಳ್ಳು ಹೇಳುವುದಿಲ್ಲ. "ಹಗಲ ಕಟ್ಟತೀನಿ. ಶಿಸ್ತ ಅಂದ್ರ ಶಿಸ್ತ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನ ಹೆಂಡತಿ ನನ್ನಾಕೆಯ ಕಡೆ ತಿರುಗಿದಳು. "ಅಕ್ಕಾರ, ಇವರ ಸ್ವಭಾವ ಹೆಂಗರಿ?"

ನನ್ನ ಕಾರವಾನಿ ಈಗ ಹೆಂಡತಿಯ ನಾಲಿಗೆಯ ಮೇಲಿತ್ತು. ಅವಳು ಒಂದು ಮಾತು ಹೇಳಿದರೆ ಲ್ಯಾಬ್ರಡಾರ್ ಗೆದ್ದಂತೆ. ನಾನು ಚಾವಣಿಯ ಜಂತಿ ನೋಡುತ್ತ ಕೂತೆ.

"ಶಿಸ್ತ ಭಾಳವ್ವಾ," ಎಂದಳು ಅವಳು. "ಆದ್ರ ಇಷ್ಟ ವರ್ಷ ನಾ ಬಾಳೇ ಮಾಡೀನಿ. ಇದೂ ಮಾಡತೈತಿ. ಇದಕ್ಕಾದ್ರೂ ಓಡಾಕ ಬರತೈತಿ."

ಆ ಹೆಣ್ಣುಮಗಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ಮಾರಿ ನೋಡಿ ಕೊಡತೀವ್ರಿ ಅಕ್ಕಾರ."

ಮರಿ ಹಣೆಗೆ ಕುಂಕುಮ ಹಚ್ಚಿಸಿಕೊಂಡು ಮನೆಗೆ ಬಂತು.

ಪಂಚಮಿ

ಮರುವರ್ಷದ ಹೊತ್ತಿಗೆ ಅದು ಎದೆಯೆತ್ತಿ ಬೆಳೆದಿತ್ತು. ಬೇಲಿಯ ಹತ್ತಿರ ಕಾಗೆ ಕೂರಲೂ ಹೆದರುತ್ತಿತ್ತು. ನನ್ನ ಆಯ್ಕೆ ಸರಿ ಎಂಬುದನ್ನು ನಾನು ದಿನಾ ಚಹಾದ ಹೊತ್ತಿಗೆ ನೆನಪಿಸುತ್ತಿದ್ದೆ. ತೋಟದ ತುಂಬ ಹಣ್ಣು ಕೆಂಪಾದವು. ನಾಳೆ ನಾಗರ ಪಂಚಮಿ ಎನ್ನುವಾಗ ಕುರಿಗಾರ ಹಬ್ಬದ ಸಿಹಿ ಉಂಡಿಯ ಗಂಟು ಹಿಡಿದು ಬಾಗಿಲಿಗೆ ಬಂದ.

"ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ರಿ ಸಾಹೇಬ್ರ. ಮಗಳನ್ನ ಪಂಚಮಿಗಿ ತವರಿಗಿ ಕರಿಯಾಕ ಬಂದೀನಿ."

ನಾನು ನಕ್ಕೆ. ಅವನು ನಗಲಿಲ್ಲ. ನಾಯಿ ಆಗಲೇ ಅವನ ಹೆಗಲವರೆಗೂ ಹಾರುತ್ತಿತ್ತು.

"ಹಣ್ಣ ಕೆಂಪಾಗ್ಯಾವು. ಈಗ ಹೆಂಗ ಕಳಸೂದು?"

"ಗಂಡನ ಮನ್ಯಾಗ ಕೆಲಸ ಯಾವಾಗ ಇರಂಗಿಲ್ರಿ?"

ಒಳಗಿಂದ ನನ್ನಾಕೆ ಕೈ ಒರೆಸುತ್ತ ಬಂದಳು. "ಬರೋಬ್ಬರಿ ಕೇಳಿದ್ರಿ ಅಣ್ಣಾರ. ಪ್ರತಿ ಪಂಚಮಿಗಿ ನನಗೂ ಹಣ್ಣ ಕೆಂಪಾಗ್ಯಾವು ಅಂತನ ಹೇಳತಾರ." ನನ್ನ ಕಡೆ ತಿರುಗಿದಳು. "ನಿಯಮ ಅಂದ್ರ ಎಲ್ಲಾರಿಗೂ ಒಂದ ಅಂತೀರಲ್ಲ? ಅದನ್ನ ಕಳಸ್ರಿ. ಹಂಗ ನನ್ನೂ ಕಳಸ್ರಿ."

ನಿಯಮ ನನ್ನದೇ. ಮುರಿಯುವಂತಿರಲಿಲ್ಲ.

"ತ್ವಾಟ ಯಾರ ಕಾಯಬೇಕು?"

"ತಂಗೀಗಿ ಫೋನ ಮಾಡೀನಿ. ನಾಯಿ ಕಳಸತಾಳ."

ಕಾರವಾನಿ ಕುರಿಗಾರನ ಮೋಟಾರ್ ಸೈಕಲ್ ಮೇಲೆ ತವರಿಗೆ ಹೋಯಿತು, ತಿರುಗಿಯೂ ನೋಡಲಿಲ್ಲ. ನನ್ನಾಕೆ ಬಸ್ಸಿಗೆ ಹೋದಳು. ಅವಳು ತಿರುಗಿ ನೋಡಿದಳು, ಹಾಲು ಮುಚ್ಚಿಡಿ ಎಂದು ಹೇಳಲು.

ಆ ಪಂಚಮಿಗೆ ತೋಟದಲ್ಲಿ ಉಳಿದವರು ನಾನು ಮತ್ತು ಲ್ಯಾಬ್ರಡಾರ್. ಸಂಜೆಯ ಹೊತ್ತಿಗೆ ಬೇಲಿಯಾಚೆ ಯಾರೋ ಚೀಲ ಜಾಡಿಸಿದ ಸದ್ದಾಯಿತು. ಲ್ಯಾಬ್ರಡಾರ್ ಎದ್ದಿತು, ಮೈಮುರಿಯಿತು, ಬಿದ್ದಿದ್ದ ಹಣ್ಣೊಂದನ್ನು ಮೆಲ್ಲಗೆ ಕಚ್ಚಿಕೊಂಡು ಅತ್ತ ಹೊರಟಿತು.

ಬೊಗಳುವ ಕೆಲಸ ನನ್ನ ಪಾಲಿಗೆ ಬಂತು.