ಎಲ್ಲಿಗೆ ಅಂತ ಕೇಳುವ ಆ್ಯಪು

ಶಿರಸಿಯಲ್ಲಿ ಕೂತು ಮೊಬೈಲ್ ಆ್ಯಪ್ ಮಾಡುವವರ ಮರ್ಯಾದೆ ಹೋಗುವುದಕ್ಕೆ ವಾರ, ತಿಥಿ, ನಕ್ಷತ್ರ ಏನೂ ಬೇಕಾಗಿಲ್ಲ. ನನ್ನದು ಡಿಸೈನ್ ಕೆಲಸ. ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಏನು ಬರೆದರೆ ಜನ ತಡಕಾಡದೆ ಒತ್ತುತ್ತಾರೆ ಅಂತ ತಲೆ ಕೆಡಿಸಿಕೊಳ್ಳುವುದು. ಕೆಡುವುದು ನನ್ನ ತಲೆ ಮಾತ್ರ. ಜನ ಆರಾಮಾಗಿದ್ದಾರೆ.

ಮಾಲಕರ ಫೋಟೋ

ಯಲ್ಲಾಪುರದಲ್ಲಿ ಬಾಡಿಗೆ ಕಾರು ಬಿಡುವ ಮಾಲಕರೊಬ್ಬರು ಆ್ಯಪ್ ಬೇಕು ಅಂತ ಬಂದರು. ನಮ್ಮ ಆಫೀಸು ಅಂದರೆ ನಾನು ಮತ್ತು ಕೋಡ್ ಬರೆಯುವ ಗೆಳತಿ, ಇಬ್ಬರೇ. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಇದೂ ತಪ್ಪಿದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೇ. ಮಾಲಕರು ಮೊದಲೇ ಹೇಳಿಬಿಟ್ಟರು, "ನಾಕು ಜನ ಬಳಸಿ ನೋಡ್ಲಿ. ಸರಿಯಾಗದಿದ್ರೆ ಹುಬ್ಬಳ್ಳಿಯವ್ರಿಗೆ ಕೊಡ್ತೆ."

ಪರದೆ ತೆರೆದ ಕೂಡಲೇ ಅವರ ಫೋಟೋ ದೊಡ್ಡದಾಗಿ ಕಾಣಬೇಕಂತೆ. 'ಕಾರು ಕರೆಯಿರಿ' ಅನ್ನುವ ಗುಂಡಿಗೆ ಜಾಗವೇ ಉಳಿಯಲಿಲ್ಲ. ಹೇಳಿ ಹೇಳಿ ಸಾಕಾಗಿ, ಸಿಟ್ಟು ಬಂದು, ಗುಂಡಿಯನ್ನು ಅವರ ಮೂಗಿನ ಮೇಲೇ ಇಟ್ಟು ತೋರಿಸಿದೆ. ಅವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಮೂಗು ಬೇಡ ಮೇಡಂ. ಅಂಗಿ ಕಿಸೆ ಮೇಲೆ ಹಾಕಿ. ದುಡ್ಡು ಹ್ಯಾಂಗೂ ಬರೋದು ಅಲ್ಲಿಗೇ ಅಲ್ವಾ."

ದೊಡ್ಡಮ್ಮನ ಪ್ರಯಾಣ

ಮೊದಲು ಬಳಸಿ ನೋಡಲು ಸಿದ್ದಾಪುರದ ನನ್ನ ದೊಡ್ಡಮ್ಮನನ್ನೇ ಹಿಡಿದೆ. ಕಣ್ಣಿನ ಡಾಕ್ಟರ ಹತ್ತಿರ ಶಿರಸಿಗೆ ಹೊರಟಿದ್ದಳು. ಸೀರೆ ಉಟ್ಟು, ಚೀಲ ಹಿಡಿದು, ಜಗಲಿಯಲ್ಲಿ ನಿಂತು ನನ್ನ ಮೊಬೈಲಿನಲ್ಲಿ ಆ್ಯಪ್ ತೆರೆದಳು. ಅದು ಮೊದಲಿಗೇ 'ಎಲ್ಲಿಗೆ?' ಅಂತ ಕೇಳಿತು.

ದೊಡ್ಡಮ್ಮ ಚೀಲ ಕೆಳಗಿಟ್ಟಳು. "ಹೊರಟವ್ಕೆ ಎಲ್ಲಿಗೆ ಹೇಳಿ ಕೇಳಲಾಗ ಹೇಳದು ನಿಂಗೆ ಗೊತ್ತಿಲ್ಯನೇ ಕೂಸೆ? ಅಪಶಕುನ. ಆನು ಒಳಗೆ ಕೂತು ನೀರು ಕುಡ್ದು ಬತ್ತೆ. ಅಲ್ಲಿವರೆಗೆ ಅದಕ್ಕೆ ಸುಮ್ನಿರಲೆ ಹೇಳು."

ನಮ್ಮ ಆ್ಯಪು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ದೊಡ್ಡಮ್ಮ ನೀರು ಕುಡಿದು ಬಂದಳು, ಅದು ಮತ್ತೆ 'ಎಲ್ಲಿಗೆ?' ಅಂದಿತು. ಮತ್ತೆ ಒಳಗೆ ಹೋದಳು, ಮತ್ತೆ ಕೂತಳು, ಮತ್ತೆ ನೀರು. ಕಡೆಗೆ ನನ್ನ ಮೊಬೈಲ್ ನನಗೇ ಕೊಟ್ಟು ಬಸ್ಸಿಗೆ ಹೊರಟೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. "ಬಸ್ಸಲ್ಲಿ ಕಂಡಕ್ಟರ್ ಎಲ್ಲಿಗೆ ಅಂತ ಕೇಳ್ತ್ನಿಲ್ಯ?"

"ಅಂವ ಕೇಳದು ಬಸ್ಸು ಹೊರಟ ಮೇಲೆ" ಅಂದಳು.

ದೂರ ಹೊರಟಿರಾ?

ಆಯ್ತು, ಜನರ ಮನಸ್ಸು ನೋಯುವುದು ಬೇಡ. ಹಿರಿಯರು ಕೇಳುವ ಹಾಗೆ 'ದೂರ ಹೊರಟಿರಾ?' ಅಂತ ಬದಲಿಸಿದೆ. ಕೆಳಗೆ ಊರಿನ ಹೆಸರು ಬರೆಯಲು ಖಾಲಿ ಜಾಗ ಇತ್ತು. ಇಷ್ಟು ನಯವಾಗಿ ಕೇಳಿದ ಮೇಲೆ ಊರು ಹೇಳಬೇಕಲ್ಲ. ಒಬ್ಬರು 'ಇಲ್ಲೇ' ಅಂತ ಬರೆದರು. ಇನ್ನೊಬ್ಬರು 'ಹೀಗೇ, ಸ್ವಲ್ಪ ಕೆಲಸ ಇತ್ತು' ಅಂತ ಬರೆದರು. 'ಇಲ್ಲೇ' ಅನ್ನುವ ಊರು ನಕಾಶೆಯಲ್ಲಿ ಎಲ್ಲಿದೆ ಅಂತ ನಾನು ಹುಡುಕಲಿ?

ಬನವಾಸಿಯ ಒಬ್ಬರಂತೂ ಬರೆದಿದ್ದರು: 'ಹೌದು, ದೂರ. ನೀವೆಲ್ಲ ಆರಾಮಾ?'

ಬರ್ತೇನೆ

ಹಲ್ಲು ಕಚ್ಚಿ 'ಇಳಿಯುವ ಊರು' ಅಂತ ಬರೆದೆ. ಅದು ಹೇಗೋ ನಡೆಯಿತು. ಕೊನೆಯ ಪರೀಕ್ಷೆಗೆ ಮಾಲಕರೇ ನಿಂತರು. ಹೆಂಡತಿ ಮತ್ತು ಅತ್ತೆಯ ಜೊತೆ ಚಂದಗುಳಿಯ ಗಣಪತಿಗೆ ಹೋಗಿ, ಪೂಜೆ ಮುಗಿಸಿ, ವಾಪಸ್ ಬರಲು ಆ್ಯಪಿನಲ್ಲೇ ಕಾರು ಕರೆಯುವುದು ಅಂತಾಯಿತು. ನಾನೂ ಜೊತೆಗಿದ್ದೆ. ಬಾಡಿಗೆ ಒಪ್ಪಿದ ಡ್ರೈವರ್ ಒತ್ತಲಿಕ್ಕೆ 'ಬರ್ತೇನೆ' ಅಂತ ಒಂದು ಗುಂಡಿ ಇಟ್ಟಿದ್ದೆ. ಇದರಲ್ಲಿ ತಪ್ಪು ಮಾಡಲಿಕ್ಕೆ ಏನಿದೆ, ನೀವೇ ಹೇಳಿ.

ಮಾಲಕರು ಪರದೆಯ ಮೇಲಿನ ತಮ್ಮ ಕಿಸೆ ಒತ್ತಿದರು. ಟಿಣ್ ಅಂತ ಉತ್ತರ ಬಂತು: 'ಬರ್ತೇನೆ'. ನಾನು ಎದೆಯುಬ್ಬಿಸಿ ನಿಂತೆ. ನಿಂತೇ ಇದ್ದೆ. ಬಿಸಿಲು ಏರಿತು. ಪ್ರಸಾದವೂ ಖಾಲಿಯಾಯಿತು. ಅತ್ತೆ ಮಾತ್ರ "ಬರ್ತೇನೆ ಅಂದ್ಮೇಲೆ ಬಂದೇ ಬರ್ತಾನೆ" ಅನ್ನುತ್ತಿದ್ದರು. ಕಡೆಗೆ ಮಾಲಕರು ಡ್ರೈವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವನು ದಾಸನಕೊಪ್ಪದ ಕಡೆಯವನು.

"ಎಲ್ಲಿದ್ದೀಯೋ?"

"ಊಟಕ್ಕ ಕುಂತೇನ್ರಿ ಮೇಡಂ."

"ಬರ್ತೇನೆ ಅಂತ ಒತ್ತಿದೆಯಲ್ಲ?"

"ಹೌದ್ರಿ. ಊಟದ ಹೊತ್ತಾಗಿತ್ತು, ಬಾಡಿಗಿಗೆ ಬ್ಯಾರೆಯವ್ರು ಹೋಗ್ಲಿ ಅಂತ ಹೊಂಟೆ. ಹೇಳದ ಹೊಂಟ್ರ ಛಲೋ ಅನಸೂದಿಲ್ರಿ. 'ಹೋಗ್ತೀನಿ' ಅನ್ನಬಾರ್ದು ನೋಡ್ರಿ. ಅದಕ್ಕ 'ಬರ್ತೇನೆ' ಒತ್ತಿ ಹೊಂಟೆ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬಯ್ಯೋಣ ಅಂದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೇರೆ ಕಾರು ತರಿಸಿ ಹೊರಟೆವು. ಮಾಲಕರು ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿದರು. ನಾನು ಧೈರ್ಯ ಮಾಡಿ ಕಾರಿನ ಕಿಟಕಿಯ ಹತ್ತಿರ ಬಗ್ಗಿ, "ಹಾಗಾದ್ರೆ ಕೆಲಸ ನಮಗೇನಾ, ಹುಬ್ಬಳ್ಳಿಯವರಿಗಾ? ನಾಳೆ ನಮ್ಮ ಆಫೀಸಿಗೆ ಬರ್ತೀರಾ?" ಅಂತ ಕೇಳಿಯೇಬಿಟ್ಟೆ. ಅವರು ಕೈಮುಗಿದು ಒಂದೇ ಮಾತು ಹೇಳಿದರು. ಕಾರು ಹೋಯಿತು.

ಶಿರಸಿಯಲ್ಲಿ ಗೆಳತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಎಂತ ಹೇಳಿದ್ರೇ?"

"ಬರ್ತೆ ಅಂದ್ರು."

ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ರೆ, ಬರ್ತ್ರ? ಹೋದ್ರ?"