ಗಾಡಿ ಬೇಕು, ನಾಯಿ ಬೇಡ

ನಾನು ಊರು ಬಿಟ್ಟು ಹೊರಟಾಗಲೆಲ್ಲ ನನ್ನ ಬಂಧುಬಳಗದ ಅಸಲಿ ಬಣ್ಣ ಬಯಲಾಗುತ್ತದೆ. ಈ ಸಲವೂ ತಪ್ಪಲಿಲ್ಲ.

ಗಂಗಾವತಿಯಲ್ಲಿ ನನ್ನದೊಂದು ಬೀಜ, ಕ್ರಿಮಿನಾಶಕದ ಅಂಗಡಿ. ಶಾಲೆಯವರು ಮಾರಿದ ಹಳೇ ಮಿನಿಬಸ್ಸೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿದ್ದೇನೆ. ಅಂಗಡಿಗೆ ರಜೆ ಇದ್ದಾಗ ನಾನು, ನನ್ನ ಹೆಂಡತಿ, ನಮ್ಮ ನಾಯಿ ಮೋತಿ ಅದರಲ್ಲೇ ತಿರುಗುತ್ತೇವೆ. ಮೋತಿ ಮಲಗುವುದೂ ಅದರಲ್ಲೇ. ನಮಗೆ ಮಕ್ಕಳಿಲ್ಲ. ಹಾಗಾಗಿ ಆ ಗಾಡಿ ತಮ್ಮದೇ ಎಂದು ಬಳಗದವರೆಲ್ಲ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಇದು ನನಗೆ ಉರಿಯುವ ಸಂಗತಿ, ಮುಚ್ಚಿಡುವುದೇನಿದೆ.

ಕಂಪನಿಯವನ ಕೃಪೆ

ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿ. ಹೇಳಿದಷ್ಟು ಮಾಲು ಖಾಲಿ ಮಾಡಿದ ಅಂಗಡಿಯವನನ್ನು ಕ್ರಿಮಿನಾಶಕ ಕಂಪನಿಯವರು ಹೆಂಡತಿ ಸಮೇತ ಪ್ರವಾಸಕ್ಕೆ ಕಳಿಸುತ್ತಾರೆ. ಈ ವರ್ಷ ಮುಂಬೈಯಿಂದ ಹಡಗು. ನನ್ನ ಹೆಂಡತಿ ಸಮುದ್ರ ನೋಡಿದವಳಲ್ಲ. ಸುದ್ದಿ ಕೇಳಿ ಮುಖವರಳಿಸಿದವಳು ಮರುಕ್ಷಣವೇ ಅದನ್ನು ಹೇಳಲು ಮನೆಗೆ ಬಂದಿದ್ದ ಕಂಪನಿಯವನನ್ನು ಕೇಳಿದಳು, "ಹಡಗಿನ್ಯಾಗ ನಾಯಿ ಬಿಡ್ತಾರೇನ್ರಿ?"

"ಟಾರ್ಗೆಟ್ ಮುಟ್ಟಿದವ್ರಿಗೆ ಅಷ್ಟರೀ ಅಕ್ಕಾರ. ನಾಯಿ ಏನ್ ಟಾರ್ಗೆಟ್ ಮುಟ್ಟೈತ್ರಿ?"

"ಇಲಿ ಹಿಡಿಯೂದ್ರಾಗ ನಿಮ್ಮ ಇಲಿ ಪಾಷಾಣಕ್ಕಿಂತ ಛಲೋ ಐತಿ," ಅಂದಳು ಇವಳು.

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಪ್ರೀತಿಯ ಮೇಷ್ಟ್ರು

ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಮೋತಿಯ ಮೇಲೆ ಬಹಳ ಪ್ರೀತಿ. ದಿನಾ ಬಿಸ್ಕತ್ತು ಹಾಕುತ್ತಾರೆ, ಫೋಟೋ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸುತ್ತಾರೆ. ನಾವು ಬರುವ ತನಕ ಇದನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದೆ.

"ಬ್ಯಾಡ್ರಿ. ಭಾಳ ಹಚ್ಕೊಂಡ್ರ ತಿರುಗಿ ಕೊಡಾಕ ನನಗ ತ್ರಾಸ ಆಗತೈತಿ," ಎಂದರು. ಕಣ್ಣೂ ಒದ್ದೆಯಾಗಿತ್ತು. ನಾನು ಎದ್ದು ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕರೆದರು.

"ಗಾಡಿ ಬೇಕಾದ್ರ ಬಿಟ್ಟು ಹೋಗ್ರಿ. ಬೀಗರು ಬರಾಕತ್ತಾರ, ಮಲಗಾಕ ಜಾಗ ಇಲ್ಲ. ಅದನ್ನೇನ್ ನಾನು ಹಚ್ಕೊಳ್ಳೂದಿಲ್ಲ."

ಮಿಸ್ತ್ರಿಯ ಕಷ್ಟ

ಗಾಡಿಗೆ ಮಂಚ ಕೂಡಿಸಿದ ವೆಲ್ಡಿಂಗ್ ಮಿಸ್ತ್ರಿಯ ಬಳಿ ಹೋದೆ. ಅವನು ಕೇಳಿದ ಕೂಡಲೇ ಒಪ್ಪಿದ, ಆದರೆ ಉಲ್ಟಾ. "ನಾಯಿ ಬಿಟ್ಟು ಹೋಗ್ರಿ ಸಾಹೇಬ್ರ. ಗಾಡಿ ಮಾತ್ರ ಬ್ಯಾಡ."

"ಯಾಕಪಾ?"

"ಹೋದ ಸಲ ಬಣ್ಣಕ್ಕ ನಿಲ್ಸಿದಾಗ ನಿಮ್ಮ ಮಂದಿ ಒಬ್ಬೊಬ್ರ ಬಂದು, 'ಗಾಡಿ ಮಾಲಕರ ಹೇಳ್ಯಾರ, ಚಾವಿ ಕೊಡು' ಅಂತ ಕುಂತಬಿಟ್ರು. ನಾಯಿ ಕಡೀತೈತಿ ಅಂದ್ರ ಕಟ್ಟಿ ಹಾಕಬಹುದು. ನಿಮ್ಮ ಮಂದಿನ್ನ ಹ್ಯಾಂಗ ಕಟ್ಟಿ ಹಾಕ್ಲಿ?"

ಮೋತಿಯನ್ನು ಪರೀಕ್ಷೆಗೆಂದು ಅವನಲ್ಲಿ ಒಂದು ದಿನ ಬಿಟ್ಟೆವು. ಮಿಸ್ತ್ರಿಯ ಮನೆಯವರು ಏನೇನು ಇಟ್ಟರೂ ಅದು ಮೂಸಲಿಲ್ಲ, ಗಾಡಿಯಿಲ್ಲದೆ ಊಳಿಡುತ್ತಲೇ ಇತ್ತು. ತಿರುಗಿ ತಂದೆವು. ಗಾಡಿ ಇದ್ದಲ್ಲೇ ನಾಯಿ ಎಂಬುದು ಖಾತ್ರಿಯಾಯಿತು. "ಅದು ಉಪವಾಸ ಬೀಳೂದಾದ್ರ ನನಗ ಯಾವ ಸಮುದ್ರಾನೂ ಬ್ಯಾಡ," ಎಂದು ಹೆಂಡತಿ ಕಟ್ಟಿದ ಪೆಟ್ಟಿಗೆ ಬಿಚ್ಚತೊಡಗಿದಳು.

ಅಳವಂಡಿಯ ಅಣ್ಣ

ಉಳಿದವನು ಅಳವಂಡಿಯ ನಮ್ಮಣ್ಣ. ಅಂಗಳ ದೊಡ್ಡದು. ಗಾಡಿಯೆಂದರೆ ಅವನಿಗೆ ಜೀವ. "ಇವತ್ತ ತಂದು ನಿಲ್ಸು ತಮ್ಮಾ, ನಮ್ಮನಿ ಬ್ಯಾರೆ ನಿಮ್ಮನಿ ಬ್ಯಾರೆ ಏನು?" ಎಂದ.

ನಾಯಿಯೂ ಇರುತ್ತದೆ ಎಂದೆ. ದನಿ ಇಳಿಸಿದ. "ನಾಯಿ ಹ್ಯಾಂಗೋ ಮಾರಾಯಾ. ಸೊಸಿ ಬಸುರಿ ಅದಾಳ."

ಅದೇ ಹೊತ್ತಿಗೆ ಚಹಾ ತಂದ ಸೊಸೆ ಬಾಗಿಲಲ್ಲೇ ನಿಂತಳು. "ಯಾವಾಗಿಂದ್ರಿ ಮಾವಾರ?"

ಅಣ್ಣ ಗಡಬಡಿಸಿ ಚಹಾ ಹೀರಿ ಬಾಯಿ ಸುಟ್ಟುಕೊಂಡ. ನಾಯಿ ಬೇಡವಾದರೆ ಗಾಡಿಯೂ ಇಲ್ಲ ಎಂದು ನಾನು ಎದ್ದಾಗ, "ಇರಲಿ ಬಿಡು, ಅದೂ ಒಂದು ಜೀವ," ಎಂದು ದೊಡ್ಡ ಮನಸ್ಸು ಮಾಡಿದ.

ಹಡಗಿನ ಬಾಗಿಲಲ್ಲಿ

ಅಳವಂಡಿಗೆ ಗಾಡಿ ಮುಟ್ಟಿಸಿದೆವು. ಹೆಂಡತಿ ಅತ್ತಿಗೆಯ ಕೈಹಿಡಿದು, ಹಾಲಲ್ಲಿ ರೊಟ್ಟಿ ಮುರಿದು ಹಾಕಬೇಕು, ಖಾರ ಹಾಕಬಾರದು ಎಂದು ಹೇಳಿದ್ದನ್ನೇ ಹೇಳಿದಳು. ಅಣ್ಣ ಕೊಪ್ಪಳದ ರೈಲು ನಿಲ್ದಾಣದ ತನಕ ಬಂದ. ನಮ್ಮನ್ನು ಬೀಳ್ಕೊಡಲು ಬಂದನೆಂದೇ ನಾನು ನಂಬಿದ್ದೆ. ರೈಲು ಅಲುಗಿದಾಗ ಕಿಟಕಿಯೊಳಗೆ ಕೈಚಾಚಿ, "ಚಾವಿ," ಎಂದ. ಕೊಟ್ಟೆ. ರೈಲು ಮರೆಯಾಗುವ ತನಕವೂ ಅವನು ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಹೆಂಡತಿಯದು ಒಂದೇ ಮಾತು. "ಉಣ್ಣಾಕ ಹಾಕ್ಯಾರೋ ಇಲ್ಲೋ." ಅತ್ತಿಗೆ ಫೋನ್ ಎತ್ತಲಿಲ್ಲ. ಮುಂಬೈ ಬಂದರಿನಲ್ಲಿ ಹಡಗಿನ ಮುಂದೆ ಸಾಲಿನಲ್ಲಿ ನಿಂತಾಗಲೂ ಅವಳು ಸಮುದ್ರದ ಕಡೆ ನೋಡಲಿಲ್ಲ. ತಿರುಗಿ ಊರಿಗೆ ಹೋಗೋಣ ಎಂದು ನನ್ನ ತೋಳು ಜಗ್ಗುತ್ತಿರುವಾಗ ಅಣ್ಣನದೇ ಫೋನು ಬಂತು. ಅವಳು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

"ತಮ್ಮಾ, ನಿಮ್ಮ ನಾಯಿ ಹಗ್ಗ ಹರ್ಕೊಂಡು ಗಾಡ್ಯಾಗ ಹೊಕ್ಕೈತಿ. ಯಾರಿಗೂ ಬಾಗಿಲ ಹತ್ತಿರ ಬರಗೊಡವಲ್ದು. ಹುಲಿಗಿ ದೇವಿ ಗುಡಿಗೆ ಹೊಂಟಿದ್ವಿ, ಬೀಗರು, ಮೊಮ್ಮಕ್ಕಳು ಎಲ್ಲಾರೂ ಬಿಸಿಲಾಗ ನಿಂತೇವಿ."

ಗಾಡಿ ಅಂಗಳದಲ್ಲಿ ನಿಲ್ಲಿಸಲು ಕೊಟ್ಟದ್ದು, ಹುಲಿಗಿಗೆ ಒಯ್ಯಲಿಕ್ಕಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ಮಾತ್ರ ತಣ್ಣಗೆ ಕೇಳಿದಳು, "ಹಸಿದಿರಬೇಕು ಭಾವಾರ. ಮೊದಲ ಅದಕ್ಕ ಏನರ ಉಣ್ಣಾಕ ಹಾಕ್ರಿ."

"ಏನ್ ಹಾಕೂದು? ಹೋಳಿಗಿ, ತುಪ್ಪ, ಮೊಸರನ್ನ, ಕಟ್ಟಿದ ಬುತ್ತಿ ಎಲ್ಲಾ ಅದರ ಕೂಡ ಒಳಗ ಐತಿ."

ಅವಳು ಫೋನ್ ಬಂದ್ ಮಾಡಿ, ಸೆರಗು ಸರಿಪಡಿಸಿಕೊಂಡು, ನನಗಿಂತ ಮೊದಲೇ ಹಡಗು ಹತ್ತಿದಳು.