ರೇಷ್ಮೆಗೂಡಿನ ತಂಪು ವ್ಯಾನು

ಹಿಂದೂಪುರದ ಆ ಮನೆಯಲ್ಲಿ ಒಂಬತ್ತು ಜನ. ಚೆನ್ನಕೇಶವ ತನ್ನ ಹೆಂಡತಿ ರೇವತಿಯ ಜೊತೆ ಐದು ನಿಮಿಷ ಮಾತಾಡಬೇಕೆಂದರೆ ಇಬ್ಬರೂ ಮಹಡಿ ಹತ್ತಿ ನೀರಿನ ಟ್ಯಾಂಕು ತೊಳೆಯಬೇಕಿತ್ತು. ಮದುವೆಯಾಗಿ ಎರಡು ವರ್ಷ. ಅಷ್ಟು ಸ್ವಚ್ಛವಾದ ಟ್ಯಾಂಕು ಆ ಬೀದಿಯಲ್ಲೇ ಇರಲಿಲ್ಲ.

ಅದಕ್ಕೇ ಅವನು ಯಾವುದೋ ಶಾಲೆಯವರು ಮಾರಿದ ಹಳೇ ವ್ಯಾನು ತಂದ. ಸೀಟು ಕಿತ್ತು ಮಂಚ ಹಾಕಿದ, ಸಣ್ಣ ಸ್ಟೌವ್ ಇಟ್ಟ. ಮೂರು ದಿನ ರಜೆ. ಗಂಡ ಹೆಂಡತಿ ಇಬ್ಬರೇ. ಮನಸ್ಸು ಬಂದಲ್ಲಿ ನಿಲ್ಲಿಸಿ ಮಲಗುವುದು. ಆದರೆ ಮೇ ತಿಂಗಳ ಬಿಸಿಲಿಗೆ ಆ ತಗಡು ದೋಸೆ ಹೆಂಚಿನ ಹಾಗೆ ಕಾಯುತ್ತಿತ್ತು.

“ಕಲ್ಯಾಣದುರ್ಗದ ತನಕ ಬತ್ತೀನಿ,” ಎಂದಳು ರೇವತಿ. ಅದು ಅವಳ ತೌರು. “ಅಷ್ಟರಲ್ಲಿ ಒಂದು ಹನಿ ಬೆವತ್ರೂ ಅಲ್ಲೇ ಇಳ್ಕೊಂಬುಡ್ತೀನಿ. ಬೆವರ್ಲಿಲ್ಲ ಅಂದ್ರೆ ನೀವು ಕರ್ದ ಕಡೆಗೆ ಬತ್ತೀನಿ, ಸರಿನಾ?”

ತಗಡಿನ ಒಳಗೆಲ್ಲಾ ಥರ್ಮಾಕೋಲು ಹೊಡೆಸುತ್ತೇನೆ ಎಂದ ಚೆನ್ನಕೇಶವ. ಇದು ಕಾಂಪೌಂಡಿನಾಚೆಯ ಗಂಗರಾಜುವಿನ ಕಿವಿಗೆ ಬಿತ್ತು. ಅವನು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ತೂಗುವವನು. ಬೇರೆಯವರ ಕಷ್ಟವನ್ನೂ ತೂಗುತ್ತಿದ್ದ.

“ಥರ್ಮಾಕೋಲು ಯಾಕ್ಲಾ? ಹುಳ ತನ್ನ ಮೈಗೆ ತಾನೇ ಕಟ್ಕೊಳೋ ಮನೆ ಕಣ್ಲಾ ಗೂಡು. ಬಿಸ್ಲೂ ತಾಕಲ್ಲ, ಚಳೀನೂ ತಾಕಲ್ಲ. ಯಾರೂ ಮುಟ್ಟದ ಗೂಡು ರಾಶಿ ಬಿದ್ದವೆ, ತಂದ್ಕೊಡ್ತೀನಿ.”

“ಒಳಗಿರೋ ಹುಳ?”

“ಯಾವಾಗ್ಲೋ ಸತ್ತವೆ. ನಾನು ಹೇಳ್ತಾ ಇಲ್ವಾ?”

ಗಂಗರಾಜು ಹೇಳಿದ ಮೇಲೆ ಮುಗಿಯಿತು. ತಗಡಿಗೂ ಪ್ಲೈವುಡ್ಡಿಗೂ ನಡುವೆ ಎಂಟು ಮೂಟೆ ಗೂಡು ತುಂಬಿದರು.

ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಚೆನ್ನಕೇಶವ ವ್ಯಾನಿನ ಬಾಗಿಲು ತೆಗೆದರೆ, ಮಂಚದ ಮೇಲೆ ಅವನ ತಾಯಿ ರಂಗಲಕ್ಷ್ಮಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದಳು.

“ಬೀಗರ್ನ ನೋಡಿ ಒಂದ್ವರ್ಷ ಆಯ್ತು. ಕಲ್ಯಾಣದುರ್ಗದಲ್ಲಿ ಇಳ್ಕೊತೀನಿ ಕಣಪ್ಪ. ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ?” ಎಂದು ಸರಿಯಾಗಿ ಮಂಚದ ಮಧ್ಯಕ್ಕೆ ಸರಿದಳು.

“ಐಡಿಯಾ ನಂದು, ರಿಸಲ್ಟು ನೋಡ್ಬೇಕಲ್ಲ,” ಎಂದು ಗಂಗರಾಜುವೂ ಹತ್ತಿದ.

ರಿಸಲ್ಟು ಮಾತ್ರ ಅದ್ಭುತ. ಹೊರಗೆ ಡಾಂಬರು ಕರಗುತ್ತಿದ್ದರೆ ಒಳಗೆ ಗರ್ಭಗುಡಿಯ ತಂಪು. ಪೆನುಕೊಂಡ ದಾಟುವ ಹೊತ್ತಿಗೆ ರಂಗಲಕ್ಷ್ಮಮ್ಮ ಶಾಲು ಕೇಳಿದಳು. ರೇವತಿ ಹಣೆ ಒರೆಸಿಕೊಂಡು, ಒಣ ಸೆರಗನ್ನು ಗಂಡನಿಗೆ ಕನ್ನಡಿಯಲ್ಲಿ ತೋರಿಸಿ ನಕ್ಕಳು. ಚೆನ್ನಕೇಶವ ಒಂದು ಗುಂಡಿಯನ್ನೂ ತಪ್ಪಿಸದೆ ಸಿಳ್ಳೆ ಹೊಡೆಯುತ್ತಾ ಓಡಿಸಿದ.

“ಗೋಡೆ ಪಿಸುಗುಡ್ತಾ ಐತೆ ಕಣ್ಲಾ,” ಎಂದಳು ತಾಯಿ.

“ಇಂಜಿನ್ನು ಕಣಮ್ಮ.”

“ಇಂಜಿನ್ನು ಮುಂದೈತೆ. ಇದು ನನ್ನ ಬೆನ್ನ ಹಿಂದೈತೆ.”

ಗಂಗರಾಜು ಪ್ಲೈವುಡ್ಡಿಗೆ ಕಿವಿ ಹಚ್ಚಿದ. ಅವನ ಮುಖ ಸುಣ್ಣ ಬಳಿದಂತಾಯಿತು. “ಗಾಡಿ ಜೋರಾಗಿ ಬುಡು.”

“ಯಾಕಣ್ಣ?”

“ಅವು ಎದ್ಬುಟ್ಟವೆ.”

ಹಲಗೆಯ ಸಂದಿಯಿಂದ ಒಂದು ಬಿಳಿ ಚಿಟ್ಟೆ, ಮದುವೆ ಮನೆಯಲ್ಲಿ ನಿದ್ದೆ ಮಾಡಿ ಎದ್ದ ನೆಂಟನ ಹಾಗೆ, ಮುದುರಿದ ರೆಕ್ಕೆ ಕೊಡವುತ್ತಾ ಬಂತು. ಹಿಂದೆ ಇನ್ನೆರಡು. ಆಮೇಲೆ ಇಡೀ ದಿಬ್ಬಣ. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ರೆಕ್ಕೆ ಪಟಪಟಿಸುತ್ತಾ ನಡೆಯುತ್ತದೆ. ದಿಂಬಿನ ಮೇಲೆ, ಚಿತ್ರಾನ್ನದ ಮೇಲೆ, ಗಂಗರಾಜುವಿನ ಬೋಳು ತಲೆಯ ಮೇಲೆ ನಡೆದವು. ಸಿಕ್ಕ ಸಿಕ್ಕಲ್ಲಿ ಜೋಡಿ ಹುಡುಕಿಕೊಂಡು ಬಾಲಕ್ಕೆ ಬಾಲ ಕೂಡಿಸಿ ಕೂತೇಬಿಟ್ಟವು. ಅವಕ್ಕೆ ಟ್ಯಾಂಕು ತೊಳೆಯುವ ನೆಪ ಬೇಕಿರಲಿಲ್ಲ.

“ಅಯ್ಯೋ ದೇವುಡಾ! ಕಣ್ಮುಚ್ಕೊ ರೇವತಿ!” ಎಂದು ಕೂಗಿದ ರಂಗಲಕ್ಷ್ಮಮ್ಮ ತಾನು ಮಾತ್ರ ಕಣ್ಣು ಮುಚ್ಚಲಿಲ್ಲ.

ಕಲ್ಯಾಣದುರ್ಗದಲ್ಲಿ ರೇವತಿಯ ಅಣ್ಣ ಓಬಳಪ್ಪ ವ್ಯಾನಿನ ಬಾಗಿಲು ತೆಗೆಯುವಷ್ಟರಲ್ಲಿ ಅರ್ಧ ಬೀದಿ ಸೇರಿತ್ತು. ರೇವತಿ ಇಳಿದಳು. ಜಡೆಯ ತುಂಬಾ ಚಿಟ್ಟೆ, ಮಲ್ಲಿಗೆ ಮುಡಿದಂತೆ. ಚೆನ್ನಕೇಶವ ನೆಲ ನೋಡುತ್ತಾ ನಿಂತ.

ಅವಳು ಹಣೆ ಮುಟ್ಟಿ ನೋಡಿಕೊಂಡಳು. “ಒಣಗೈತೆ ಕಣ್ರೀ. ಮಾತು ಅಂದ್ರೆ ಮಾತು. ಪೊರಕೆ ತನ್ನಿ, ಗುಡ್ಸಿ ಹೊರಡಾನ.”

ಆ ಕ್ಷಣ ಚೆನ್ನಕೇಶವನಿಗಿಂತ ಸುಖಿ ಜಿಲ್ಲೆಯಲ್ಲೇ ಇರಲಿಲ್ಲ. ಓಡಿ ಹೋಗಿ ಪೊರಕೆ ತಂದ. ವ್ಯಾನಿನ ಬಾಗಿಲಿಗೆ ಅಡ್ಡವಾಗಿ ತಾಯಿ ನಿಂತಿದ್ದಳು.

“ಯಾವನ್ಲಾ ಪೊರಕೆ ಎತ್ತೋನು? ಕೂಡಿರೋ ಜೋಡಿ ಬಿಡಿಸಿದ ಪಾಪ ಏಳು ಜನ್ಮಕ್ಕೂ ಬುಡಲ್ಲ!”

“ನಿಜಮೇ ಬಾವಾ,” ಎಂದ ಓಬಳಪ್ಪ. “ನಮ್ಮ ಪಕ್ಕದ್ಮನೆ ಚೌಡೇಶ್ ಪಾರಿವಾಳದ ಜೋಡಿ ಬಿಡಿಸಿದ್ದ. ಇವತ್ತಿಗೂ ಹೆಣ್ಣು ಸಿಕ್ಕಿಲ್ಲ.”

ಬೀದಿಯೆಲ್ಲಾ ತಲೆಯಾಡಿಸಿತು. ಚೆನ್ನಕೇಶವ ಗಂಗರಾಜುವಿನ ಕಡೆ ತಿರುಗಿದ. “ಎಷ್ಟೊತ್ತಿಗೆ ಬುಡ್ತವೆ?”

“ಸಾಯಂಕಾಲಕ್ಕೆ. ಆಮೇಲೆ ಮೊಟ್ಟೆ ಇಕ್ತವೆ.”

“ಆಮೇಲೆ?”

“ಹತ್ತು ದಿನಕ್ಕೆ ಮರಿ. ಈ ತಂಪಿಗೆ ಒಂದೂ ಕೆಡಲ್ಲ ಬುಡು!”

“ಹತ್ತು ದಿನಾನಾ? ನನಗಿರೋ ರಜ ಮೂರು ದಿನ!”

“ಅದಕ್ಕೆ ಬಾಣಂತೀರ್ನ ಬೀದಿಗೆ ಹಾಕ್ತೀಯೇನ್ಲಾ?” ಎಂದಳು ತಾಯಿ.

ಚೆನ್ನಕೇಶವ ಕೊನೆಯ ದಾಳ ಹಾಕಿದ. “ಅಂಗಾದ್ರೆ ನಾನೂ ರೇವತೀನೂ ಬಸ್ಸಲ್ಲಿ...”

“ಇಲ್ಲಿ ಇರುವೆ, ಹಲ್ಲಿ, ಕಾಗೆ ಓಡ್ಸೋರು ಯಾರು? ನಿಮ್ಮಪ್ಪನಾ?”

ರಂಗಲಕ್ಷ್ಮಮ್ಮ ಮಗನ ಕೈಯಿಂದ ಪೊರಕೆ ಕಿತ್ತು ಬೇವಿನ ಕೊಂಬೆ ಕೊಟ್ಟಳು. ವ್ಯಾನಿನ ಪಕ್ಕ ಸ್ಟೂಲು ಹಾಕಿಸಿ ಕೂರಿಸಿದಳು. ಸೊಸೆಯ ಕೈ ಹಿಡಿದಳು.

“ನೀನು ಮನೆಯೊಳಗೆ ನಡಿ ಕಣಮ್ಮ, ಹತ್ತು ದಿನ ನನ್ನ ಪಕ್ಕದಲ್ಲೇ ಮಲಗೀಯಂತೆ. ಕೂಡಿರೋರ್ನ ಬಿಡಿಸಬಾರದು ಅನ್ನೋ ಬುದ್ಧಿ ಈಗಿನ ಹುಡುಗರಿಗೆಲ್ಲೈತೆ?” ಎನ್ನುತ್ತಾ, ತಿರುತಿರುಗಿ ನೋಡುತ್ತಿದ್ದ ರೇವತಿಯನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.